ಪಿಂಕಿಯ ಪಥ್ಯ

ನಮ್ಮ ಮನೆಯಲ್ಲಿ ಯಾರಿಗೆ ಕಾಯಿಲೆ ಎಂದು ಕಂಡುಹಿಡಿಯಲು ಯಾರೂ ಕಷ್ಟಪಟ್ಟದ್ದಿಲ್ಲ. ಕಾಯಿಲೆ ಬಿದ್ದವರೇ ಊರಿಗೆಲ್ಲ ಸಾರಿಬಿಡುತ್ತಾರೆ. ನನಗೆ ಎರಡು ಸೀನು ಬಂದರೆ ಸಾಕು, ಪ್ಯಾರೀಸ್ ಕಾರ್ನರಿನ ನಮ್ಮ ಆಫೀಸಿನಲ್ಲಿ ಲಿಫ್ಟಿನವನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅದರ ವರದಿ ತಲುಪಿರುತ್ತದೆ. ನನ್ನ ಹೆಂಡತಿ ಸುಧಾ ತಲೆನೋವು ಬಂದರೆ ಬಾಯಿ ಬಿಡುವುದಿಲ್ಲ, ಅವಳ ಪರವಾಗಿ ಅಡುಗೆಮನೆಯ ಪಾತ್ರೆಗಳು ಮಾತಾಡುತ್ತವೆ. ಅಮ್ಮನ ಮಂಡಿನೋವಂತೂ ನಮ್ಮ ಮನೆಯ ಹಿರಿಯ ಸದಸ್ಯ. ಬಂದ ನೆಂಟರು ಮೊದಲು ಅದನ್ನು ವಿಚಾರಿಸಿ, ಆಮೇಲೆ ಅಮ್ಮನನ್ನು ವಿಚಾರಿಸುತ್ತಾರೆ. ಮಗಳು ಮೇಧಾಳ ಹೊಟ್ಟೆನೋವು ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡೇ ಬರುತ್ತದೆ, ಹೇಳಿಯೇ ಬರುತ್ತದೆ. ಹೀಗೆ ಬಾಯಿ ಇರುವ ಕಾಯಿಲೆಗಳ ನಡುವೆ ಅರ್ಧ ಆಯುಸ್ಸು ಕಳೆದ ನನಗೆ ಬಾಯಿಲ್ಲದ ಕಾಯಿಲೆಯೊಂದು ಎದುರಾದದ್ದು ನಮ್ಮ ಪಿಂಕಿ ಮೂಲೆ ಹಿಡಿದಾಗ. ಪಿಂಕಿ ನಮ್ಮ ಮನೆಯ ಕೋಳಿ.

ಹುಬ್ಬೇರಿಸುವವರು ಈಗಲೇ ಏರಿಸಿಕೊಂಡುಬಿಡಿ. ಮದರಾಸಿಗೆ ಬಂದು ಮೂರು ತಲೆಮಾರಾದ ಮಾಧ್ವರ ಮನೆ ನಮ್ಮದು. ಈರುಳ್ಳಿ ಕೂಡ ಅಮ್ಮ ನಿದ್ದೆಗೆ ಕಣ್ಣು ಮುಚ್ಚಿದಾಗ ಕಳ್ಳನ ಹಾಗೆ ಒಳಗೆ ಬರಬೇಕಾದ ಮನೆ. ಅಂಥ ಮನೆಗೆ ಕೋಳಿ ಹೇಗೆ ಬಂತು ಎಂದರೆ, ಬಂದಾಗ ಅದು ಕೋಳಿಯಾಗಿರಲಿಲ್ಲ. ಗುಲಾಬಿ ಬಣ್ಣದ ಒಂದು ಹತ್ತಿಯ ಉಂಡೆಯಾಗಿತ್ತು. ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಮೇಧಾ ಮೂರನೇ ಕ್ಲಾಸಿನಲ್ಲಿದ್ದಳು. ಅವಳ ಸ್ಕೂಲಿನ ಗೇಟಿನ ಹತ್ತಿರ ಒಬ್ಬಾತ ಬುಟ್ಟಿಯ ತುಂಬ ಮರಿಗಳಿಗೆ ಹಸಿರು, ಹಳದಿ, ಗುಲಾಬಿ ಬಣ್ಣ ಬಳಿದು ಮಾರುತ್ತಿದ್ದ. ಮೇಧಾ ಒಂದು ಗುಲಾಬಿಯನ್ನು ಟಿಫಿನ್ ಬಾಕ್ಸಿನಲ್ಲಿಟ್ಟುಕೊಂಡು ಬಂದಳು. "ಇಂಥವು ಬದುಕೋಲ್ಲ ರೀ, ನಾಳೆ ಅತ್ತು ಸುಮ್ಮನಾಗ್ತಾಳೆ ಬಿಡಿ" ಎಂದಳು ಸುಧಾ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಯಾವುದೋ ಪರದೇಶದ ಗಿಣಿ ಕಣೋ ಶೀನಾ" ಎಂದು ತೀರ್ಪು ಕೊಟ್ಟಳು. ಗಿಣಿಗೆ ಪಿಂಕಿ ಎಂದು ನಾಮಕರಣವೂ ಆಯಿತು.

ಕೆಲವು ವಾರಗಳಲ್ಲಿ ಗುಲಾಬಿ ಬಣ್ಣ ಉದುರಿ ಒಳಗಿನಿಂದ ಬಿಳಿ ಗರಿ ಬಂತು. ತಲೆಯ ಮೇಲೆ ಕೆಂಪು ಜುಟ್ಟು ಬಂತು. ಪರದೇಶದ ಗಿಣಿ ಕೋಳಿಯೆಂದು ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಅಷ್ಟರಲ್ಲಿ ಅದು ಅಮ್ಮನ ಸೆರಗಿನ ಮಡಿಕೆಯಲ್ಲಿ ನಿದ್ದೆ ಮಾಡುವುದನ್ನು ಕಲಿತಿತ್ತು. "ಬಂದವಳು ಬಂದಾಯ್ತು. ಪಾವಂ, ಇನ್ನೆಲ್ಲಿಗೆ ಹೋಗ್ತಾಳೆ? ಕೊಲ್ಲೆಯಲ್ಲಿ ಇರಲಿ" ಎಂದಳು ಅಮ್ಮ. ಮದರಾಸಿನಲ್ಲೇ ಹುಟ್ಟಿ ಬೆಳೆದ ಅಮ್ಮನಿಗೆ ಪಾಪ ಎಂದರೆ ಪಾವಂ, ಹಿತ್ತಲು ಎಂದರೆ ಕೊಲ್ಲೆಯೇ. ನುಂಗಂಬಾಕ್ಕಂನ ನಮ್ಮ ಹಳೇ ಮನೆಗೆ ಪುಣ್ಯಕ್ಕೆ ಅಂಥದೊಂದು ಹಿತ್ತಲಿತ್ತು. ಬಾವಿ, ತುಳಸಿಕಟ್ಟೆ, ಕರಿಬೇವಿನ ಗಿಡ, ಒಂದು ತೆಂಗಿನ ಮರ. ಅಲ್ಲಿಗೆ ಪಿಂಕಿಯೂ ಸೇರಿಕೊಂಡಳು.

ಮನೆಗೆ ಬಂದ ಮೇಲೆ ಮನೆಯ ಆಚಾರ ಬಿಡಲಾಗುತ್ತದೆಯೇ? ದೇವರ ನೈವೇದ್ಯ ಆದ ಮೇಲೆ ಮೆತ್ತಗೆ ಕಲಸಿದ ಮೊಸರನ್ನ ಪಿಂಕಿಗೆ. ಏಕಾದಶಿಯ ದಿನ ನೆನೆಸಿದ ಅವಲಕ್ಕಿ. ಕೃಷ್ಣಾಷ್ಟಮಿಗೆ ಚಕ್ಕುಲಿಯ ಪುಡಿ. ಮಣ್ಣು ಕೆದಕಿ ಅದೂ ಇದೂ ಹೆಕ್ಕಲು ಹೋದರೆ ಅಮ್ಮ ಮುರಿದ ಕೊಡೆಯ ಕೋಲು ತೋರಿಸಿ, "ಛೀ! ಹುಳ ಮುಟ್ಟಬೇಡ್ವೇ, ನಾಲಗೆ ಹುಷಾರು" ಎಂದು ಗದರುತ್ತಿದ್ದಳು. ಮೊದಲ ಮೊಟ್ಟೆ ಇಟ್ಟ ದಿನ ಮಾತ್ರ ಮನೆಯಲ್ಲಿ ಭೂಕಂಪ. ಅಮ್ಮ ತಲೆಗೆ ನೀರು ಹಾಕಿಕೊಂಡಳು. ಮೊಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಬೀದಿ ತುದಿಯ ಇಸ್ತ್ರಿಯವನಿಗೆ ಕೊಟ್ಟುಬಂದವನು ನಾನು. ಆಮೇಲೆ ಅದೂ ರೂಢಿಯಾಯಿತು, ನಮ್ಮ ಬಟ್ಟೆಗಳು ಬೀದಿಯಲ್ಲೇ ಗರಿಗರಿಯಾದ ಬಟ್ಟೆಗಳಾದವು. ವಯಸ್ಸಾಗಿ ಪಿಂಕಿ ಮೊಟ್ಟೆ ನಿಲ್ಲಿಸಿದಾಗ ಇಸ್ತ್ರಿಯವನಿಗೆ ಬೇಸರವಾಯಿತು, ಅಮ್ಮನಿಗೆ ನೆಮ್ಮದಿಯಾಯಿತು. "ಸದ್ಯ, ಇವಳಿಗೂ ರಿಟೈರ್ ಆಯ್ತು" ಎಂದಳು.

ಅಪ್ಪ ಹೋದ ಮೇಲೆ ಅಮ್ಮನ ಮಧ್ಯಾಹ್ನಗಳು ಪಿಂಕಿಯವಾದವು. ನಾನೂ ಸುಧಾಳೂ ಆಫೀಸಿಗೆ, ಮೇಧಾ ಸ್ಕೂಲಿಗೆ. ಅಮ್ಮ ಬಾವಿಕಟ್ಟೆಯ ಪಕ್ಕ ಮಣೆ ಹಾಕಿಕೊಂಡು ಕೂತು, ತನ್ನ ಅತ್ತೆ ಕೊಟ್ಟ ಕಾಟದಿಂದ ಹಿಡಿದು ನನ್ನ ಹೆಂಡತಿಗೆ ಹುಳಿಗೆ ಉಪ್ಪು ಹಾಕಲು ಬಾರದಿರುವುದರವರೆಗೆ ಎಲ್ಲವನ್ನೂ ಪಿಂಕಿಗೆ ಹೇಳುತ್ತಿದ್ದಳಂತೆ. ಪಿಂಕಿ ಕತ್ತು ಓರೆ ಮಾಡಿ ಕೇಳುತ್ತಿತ್ತಂತೆ. ಮೇಧಾಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. "ಈ ಮನೇಲಿ ನಾನು ಹೇಳಿದ್ದಕ್ಕೆ ಕನ್ನಡದಲ್ಲಿ ಹೂಂಗುಡೋದು ಅಂದ್ರೆ ಪಿಂಕಿ ಒಬ್ಬಳೇ" ಎಂದು ಅಮ್ಮ ಮೊಮ್ಮಗಳಿಗೆ ಚುಚ್ಚುತ್ತಿದ್ದಳು. "ಪೋ ಅಜ್ಜಿ, ಅದು ತಮಿಳ್‌ನಾಟ್ಟು ಕೋಳಿ" ಎಂದು ಮೇಧಾ ನಗುತ್ತಿದ್ದಳು.

ಇಂಥ ಪಿಂಕಿ ಒಂದು ಬೆಳಗ್ಗೆ ಮೊಸರನ್ನದ ಕಡೆ ತಿರುಗಿಯೂ ನೋಡಲಿಲ್ಲ. ತೆಂಗಿನ ಮರದ ಹಿಂದೆ ಗರಿಗಳನ್ನೆಲ್ಲ ಕೆದರಿಕೊಂಡು, ಕಣ್ಣು ಅರ್ಧ ಮುಚ್ಚಿ, ಒಂದು ಕಾಲಿನ ಮೇಲೆ ನಿಂತಿತ್ತು. ಕೆಂಪಗಿದ್ದ ಜುಟ್ಟು ಸಪ್ಪಗೆ ಬಿಳಿಚಿಕೊಂಡು ಒಂದು ಪಕ್ಕಕ್ಕೆ ಬಾಗಿತ್ತು. "ಅಪ್ಪಾ, ಪಿಂಕಿ ಸಾಪ್ಪಿಡವೇ ಇಲ್ಲೆ" ಎಂದು ಮೇಧಾ ಓಡಿಬಂದಳು. ಕೋಳಿ ಒಂದು ಹೊತ್ತು ಊಟ ಬಿಟ್ಟರೆ ಏನಾಯಿತು ಎಂದು ನಾನು ಪೇಪರ್ ಓದುತ್ತಾ ಕೂತೆ. ಆದರೆ ಆ ದಿನಗಳಲ್ಲಿ ಪೇಪರಿನ ತುಂಬ ಹಕ್ಕಿಜ್ವರದ ಸುದ್ದಿಯೇ. ಓದುತ್ತಾ ಓದುತ್ತಾ ನನಗೇ ಮೈ ಬೆಚ್ಚಗಾದಂತೆ ಅನ್ನಿಸಿತು. ಮೂಗಿಗೆ ಕರ್ಚೀಫು ಬಿಗಿದುಕೊಂಡು, ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಹಿತ್ತಲಿಗೆ ಹೋದೆ. "ಏನೋ ಅದು ವೇಷ? ಬ್ಯಾಂಕ್ ದೋಚೋಕ್ಕೆ ಹೊರಟಿದ್ದೀಯಾ? ಅವಳು ಹೆದರಿಕೋತಾಳೆ, ತೆಗಿ ಅದನ್ನ" ಎಂದು ಅಮ್ಮ ಬೈದಳು.

ಕಾಯಿಲೆಯ ವಿಷಯದಲ್ಲಿ ನನ್ನದು ಶಾಸ್ತ್ರೀಯ ವಿಧಾನ. ಮೊದಲು ಥರ್ಮಾಮೀಟರ್. ಕೋಳಿಯ ನಾಲಗೆಯ ಕೆಳಗೆ ಇಡುವುದು ಹೇಗೆಂದು ಗೊತ್ತಾಗದೆ ರೆಕ್ಕೆಯ ಕೆಳಗೆ ಇಟ್ಟೆ. ತೆಗೆದು ನೋಡಿದರೆ ನೂರಾ ಆರು! ನೂರಾ ಎರಡಕ್ಕೇ ನಾನು ವಿಲ್ ಬರೆಯುವ ಯೋಚನೆ ಮಾಡುವವನು. "ಸುಧಾ, ಒದ್ದೆ ಬಟ್ಟೆ ತಗೊಂಡು ಬಾ!" ಎಂದು ಕೂಗಿದೆ. ಒದ್ದೆ ಬಟ್ಟೆ ಬಂತು. ಕೋಳಿಗೆ ಹಣೆ ಎಲ್ಲಿದೆ ಎಂದು ನಾನೂ ಸುಧಾಳೂ ಸ್ವಲ್ಪ ಹೊತ್ತು ಚರ್ಚೆ ಮಾಡಿ, ಕೊನೆಗೆ ಜುಟ್ಟಿನ ಮೇಲೆಯೇ ಹಾಕಿದೆವು. ಪಿಂಕಿ ತಲೆ ಕೊಡವಿ ಬಟ್ಟೆಯನ್ನು ಬಾವಿಕಟ್ಟೆಯ ಮೇಲೆ ಎಸೆಯಿತು.

ಅಮ್ಮ ನನ್ನ ಶಾಸ್ತ್ರಕ್ಕೆ ಕ್ಯಾರೇ ಅನ್ನಲಿಲ್ಲ. ಮೊದಲು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಆಮೇಲೆ ಓಮದ ಕಷಾಯವನ್ನು ಒಳಲೆಯಲ್ಲಿ ತಂದಳು. ನಾನು ಕುಡಿದ ಒಳಲೆ, ಮೇಧಾ ಕುಡಿದ ಒಳಲೆ, ಅದೇ ಬೆಳ್ಳಿಯ ಒಳಲೆ. ಪಿಂಕಿ ಎರಡು ಹನಿ ನುಂಗಿ ಉಳಿದದ್ದನ್ನು ಅಮ್ಮನ ಸೀರೆಗೆ ಸಿಂಪಡಿಸಿತು. ಕೊನೆಗೆ ಅಮ್ಮ ಇಂಗನ್ನು ನೀರಲ್ಲಿ ಕಲಸಿಕೊಂಡು ಬಂದಳು. ಮಕ್ಕಳಿಗೆ ಹೊಟ್ಟೆ ಉಬ್ಬರಿಸಿದರೆ ಹೊಕ್ಕುಳ ಸುತ್ತ ಇಂಗು ಹಚ್ಚುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಪಿಂಕಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿ ಗರಿ ಸರಿಸಿ ಸರಿಸಿ ಹುಡುಕಿದಳು. "ಇವಳ ಹೊಕ್ಕುಳು ಎಲ್ಲೋ?" ಎಂದು ನನ್ನನ್ನು ಕೇಳಿದಳು. ನಾನು ಬಿ.ಕಾಂ. ಮಾಡಿದವನು, ನನಗೇನು ಗೊತ್ತು. "ಮೊಟ್ಟೆಯಿಂದ ಬಂದೋರಿಗೆ ಹೊಕ್ಕುಳು ಇರಲ್ಲ ಅಜ್ಜಿ" ಎಂದು ಅಷ್ಟರಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸಿಗೆ ಬಂದಿದ್ದ ಮೇಧಾ, ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದಳು. ಅಮ್ಮ ಅಂದಾಜಿನ ಮೇಲೆ ಹೊಟ್ಟೆಗೆಲ್ಲ ಹಚ್ಚಿಬಿಟ್ಟಳು. ಹಿತ್ತಲೆಲ್ಲ ಒಗ್ಗರಣೆಯ ವಾಸನೆ.

ನಗುವ ಮಾತೇನೋ ನಿಜ, ಆದರೆ ಮಾರನೆಯ ದಿನ ನಗು ನಿಂತಿತು. ಪಿಂಕಿ ಆ ದಿನವೂ ತಿನ್ನಲಿಲ್ಲ. ಅಮ್ಮನೂ ತಿನ್ನಲಿಲ್ಲ. "ಅವಳ ಬಾಯಿಗೆ ಒಂದು ಅಗುಳು ಹೋಗಲಿ, ನಾನೂ ತಿಂತೀನಿ" ಎಂದು ತಟ್ಟೆಯನ್ನು ಸರಿಸಿದಳು. ಅಮ್ಮ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವಳು. ಮಾತ್ರೆ ನುಂಗಿ ಊಟ ಬಿಟ್ಟರೆ ತಲೆಸುತ್ತಿ ಬೀಳುವುದು ಖಂಡಿತ ಎಂದು ನಮ್ಮ ಡಾಕ್ಟರು ಸಾರಿ ಸಾರಿ ಹೇಳಿದ್ದರು. ಸುಧಾ ಬೇಡಿಕೊಂಡಳು, ಮೇಧಾ ಅತ್ತಳು, ನಾನು ರೇಗಿದೆ. ಅಮ್ಮ ಒಂದು ಲೋಟ ಹಾಲು ಕುಡಿದು ಮಣೆ ಹಾಕಿಕೊಂಡು ಪಿಂಕಿಯ ಎದುರು ಕೂತುಬಿಟ್ಟಳು. ಅಲ್ಲಿಯವರೆಗೆ ಕೋಳಿಯ ಕಾಯಿಲೆಯಾಗಿದ್ದದ್ದು ಈಗ ನನ್ನ ತಾಯಿಯ ಪ್ರಾಣದ ಪ್ರಶ್ನೆಯಾಯಿತು. ನಿಜ ಹೇಳುತ್ತೇನೆ, ನನಗೆ ಬಹಳ ಭಯವಾಯಿತು. ಆಫೀಸಿಗೆ ರಜ ಹಾಕಿ, ತರಕಾರಿಯ ವೈರ್ ಬ್ಯಾಗಿನಲ್ಲಿ ಪಿಂಕಿಯನ್ನು ಕೂರಿಸಿ, ಆಟೋ ಕರೆದೆ. ಅಮ್ಮನೂ ಹತ್ತಿ ಕೂತಳು.

ಸ್ವಲ್ಪ ದೂರದಲ್ಲಿದ್ದ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಬೆಂಚಿನ ತುಂಬ ಪೊಮೇರಿಯನ್ನುಗಳು. ಅವುಗಳ ನಡುವೆ ನಮ್ಮ ವೈರ್ ಬ್ಯಾಗು. ಎಲ್ಲ ನಾಯಿಗಳೂ ಒಟ್ಟಿಗೆ ಪಿಂಕಿಯನ್ನು ನೋಡಿದವು, ಅವುಗಳ ಯಜಮಾನರು ಅಮ್ಮನ ಕಚ್ಚೆ ಸೀರೆಯನ್ನೂ ನನ್ನ ಹಣೆಯ ಅಂಗಾರ ಅಕ್ಷತೆಯನ್ನೂ ನೋಡಿದರು. ಚೀಟಿ ಬರೆಯುವ ಹುಡುಗಿ ತಲೆ ಎತ್ತದೆ, "ಪೇಷೆಂಟ್ ಪೇರು?" ಎಂದಳು. ಪಿಂಕಿ ಎಂದೆ. "ಇನಿಷಿಯಲ್?" ಎಂದಳು. ತಮಿಳುನಾಡಿನಲ್ಲಿ ಇನಿಷಿಯಲ್ ಇಲ್ಲದ ಪ್ರಾಣಿ ಇಲ್ಲ, ಅದು ಅಪ್ಪನ ಹೆಸರಿನ ಮೊದಲ ಅಕ್ಷರ. ನಾನು ತಡವರಿಸುತ್ತಿದ್ದಾಗ ಅಮ್ಮ ಗಟ್ಟಿಯಾಗಿ, "ಎಸ್ ಹಾಕಮ್ಮ. ಇವನ ಹೆಸರು ಶ್ರೀನಿವಾಸ" ಎಂದಳು. ಹೀಗೆ ಎಸ್. ಪಿಂಕಿ ಎಂಬ ಕೋಳಿಯ ತಂದೆಯಾಗಿ ನಾನು ಮದರಾಸಿನ ದಫ್ತರಕ್ಕೆ ಸೇರಿದೆ.

ಡಾಕ್ಟರು ನಡುವಯಸ್ಸಿನ ಹೆಂಗಸು, ತಮಿಳರು, ತುಂಬ ಸಮಾಧಾನಿ. ನೂರಾ ಆರು ಜ್ವರದ ಸಂಗತಿಯನ್ನು ನಾನು ದನಿ ತಗ್ಗಿಸಿ ಹೇಳಿದೆ. "ಕೋಳಿಗೆ ಅದು ನಾರ್ಮಲ್ ಸಾರ್. ನೂರು ಇದ್ದಿದ್ದರೆ ಭಯಪಡಬೇಕಿತ್ತು" ಎಂದು ತಮಿಳಿನಲ್ಲಿ ಹೇಳಿ, ಹಕ್ಕಿಜ್ವರದ ಲಕ್ಷಣ ಒಂದೂ ಇಲ್ಲ ಎಂದರು. ಪಿಂಕಿಯ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಎದೆಯ ಮೂಳೆ ಸವರಿ ನೋಡಿದರು, ಕೊಕ್ಕು ಬಿಡಿಸಿ ಮೂಸಿದರು. ನನಗೂ ಮೂಸಲು ಹೇಳಿದರು. ಹುಳಿ ಹಿಡಿದ ದೋಸೆ ಹಿಟ್ಟಿನ ವಾಸನೆ. ಕೋಳಿಗಳಿಗೆ ಕತ್ತಿನ ಬುಡದಲ್ಲಿ ಒಂದು ಚೀಲ ಇರುತ್ತದಂತೆ. ತಿಂದದ್ದು ಮೊದಲು ಅಲ್ಲಿ ಕೂತು, ನಿಧಾನವಾಗಿ ಕೆಳಗಿಳಿಯಬೇಕಂತೆ. ಪಿಂಕಿಯ ಚೀಲ ತುಂಬಿಕೊಂಡು, ಇಳಿಯದೆ, ಒಳಗೇ ಹುಳಿ ಬಂದಿತ್ತು. ಮುಟ್ಟಿದರೆ ನೀರು ತುಂಬಿದ ಬಲೂನಿನ ಹಾಗೆ ತಪತಪ ಎನ್ನುತ್ತಿತ್ತು. "ಎನ್ನ ಸಾಪ್ಪಾಡು ಕೊಡುಕ್ಕಿರೀಂಗ?" ಎಂದು ಅವರು ಊಟದ ವಿಚಾರ ಕೇಳಿದರು. ಮೊಸರನ್ನ ಎಂದೆವು. "ಊರುಗಾಯ್?" ಎಂದರು ಡಾಕ್ಟರು. "ಇಲ್ಲಮ್ಮ, ಉಪ್ಪಿನಕಾಯಿ ಖಾರ ಆಗುತ್ತಲ್ಲ, ಹಾಕಲ್ಲ" ಎಂದು ಅಮ್ಮ ಮುಗ್ಧವಾಗಿ ಉತ್ತರ ಕೊಟ್ಟಳು.

ಅನ್ನ, ಮೊಸರು ಎರಡೂ ಪೂರ್ತಿ ಬಂದ್ ಎಂದರು ಡಾಕ್ಟರು. ಔಷಧಿಯ ಹನಿ ಬರೆದುಕೊಟ್ಟು, ಸ್ವಲ್ಪ ಎಣ್ಣೆ ಸವರಿ ಆ ಚೀಲವನ್ನು ಮೃದುವಾಗಿ ನೀವಬೇಕೆಂದು ತೋರಿಸಿದರು. ಚೀಲ ಇಳಿದ ಮೇಲೆ ಕಾಳು, ಸೊಪ್ಪು, ಜೊತೆಗೆ ಸಣ್ಣ ಮರಳುಕಲ್ಲು ಕೊಡಬೇಕು, ಕಲ್ಲಿಲ್ಲದೆ ಕೋಳಿಗೆ ಅರೆಯುವುದು ಹೇಗೆ, ಅದಕ್ಕೆ ಹಲ್ಲಿಲ್ಲ ಎಂದರು. "ಹಲ್ಲು ನನಗೂ ಇಲ್ಲ. ಅದಕ್ಕೇ ಅಲ್ಲವೇ ಇಬ್ಬರಿಗೂ ಮೆತ್ತಗೆ ಕಲಸೋದು" ಎಂದಳು ಅಮ್ಮ. ಡಾಕ್ಟರು ಕಷ್ಟಪಟ್ಟು ನಗು ತಡೆದುಕೊಂಡು, ಇನ್ನೊಂದು ಮಾತು ಎಂದರು. ವಯಸ್ಸಾದ ಕೋಳಿ, ಮೈಯಲ್ಲಿ ಸತ್ತ್ವವೇ ಇಲ್ಲ, ಹುಳು ಹುಪ್ಪಟೆ ತಿನ್ನಲೇಬೇಕು, ಇಲ್ಲವಾದರೆ ಕರುವಾಡು ಪುಡಿ ಮಾಡಿ ಹಾಕಿ, ಇಲ್ಲದಿದ್ದರೆ ಹೆಚ್ಚು ದಿನ ಇರುವುದಿಲ್ಲ. ಕರುವಾಡು ಎಂದರೆ ಒಣಮೀನು. ಅಮ್ಮ ಗೋಡೆಯ ಮೇಲಿದ್ದ ನಾಯಿಮರಿಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

ಎಣ್ಣೆ ನೀವುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ. ಕುಟುಂಬದ ಎಷ್ಟೋ ಬಾಣಂತನ ಮಾಡಿದ ಕೈ ಅದು. ಪಿಂಕಿ ಆ ಕೈಗೆ ಕಣ್ಣು ಮುಚ್ಚಿ ಕುತ್ತಿಗೆ ಕೊಟ್ಟಿತು. ಎರಡು ಮೂರು ದಿನದಲ್ಲಿ ಚೀಲ ಇಳಿಯಿತು, ವಾಸನೆ ಹೋಯಿತು. ಆದರೆ ಹಸಿವು ಬರಲಿಲ್ಲ. ಗೋಧಿ ಇಟ್ಟರೆ ತುಳಿಯಿತು, ಸೊಪ್ಪು ಇಟ್ಟರೆ ಅದರ ಮೇಲೆ ಕೂತಿತು, ಮೊಸರನ್ನದ ಬಟ್ಟಲು ಬರುತ್ತಿದ್ದ ಹೊತ್ತಿಗೆ ಮಾತ್ರ ಅಡುಗೆಮನೆಯ ಬಾಗಿಲ ಕಡೆ ನೋಡಿತು. "ಹಾಗೆ ನೋಡಬೇಡ್ವೇ ನನ್ನ ತಾಯಿ, ಡಾಕ್ಟರಮ್ಮ ಬೈತಾಳೆ" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅಮ್ಮ ಬರೀ ಹಾಲು ಕುಡಿದೇ ದಿನ ತಳ್ಳುತ್ತಿದ್ದಳು, ಇಬ್ಬರೂ ಇಳಿದುಹೋಗಿದ್ದರು. ಅಮ್ಮನ ಚಿನ್ನದ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದುದನ್ನು ನೋಡಿ, ಆದದ್ದಾಗಲಿ ಎಂದು ನಾನು ಗಟ್ಟಿ ಮನಸ್ಸು ಮಾಡಿದೆ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಅರುಳ್ ಇರುವುದು ತಿರುವೊಟ್ಟಿಯೂರಿನಲ್ಲಿ, ಸಮುದ್ರದ ಪಕ್ಕ. ಕರುವಾಡು ಪುಡಿ ಮಾಡಿಸಿ ತಂದುಕೊಡು ಎಂದಾಗ ಅವನು ಎದ್ದು ನಿಂತು ನನ್ನ ಕೈ ಕುಲುಕಿದ. "ಸಾರ್, ಇತ್ತನೈ ನಾಳಾ ಸೊಲ್ಲವೇ ಇಲ್ಲಿಯೇ!" ಎಂದ, ಇಷ್ಟು ದಿನ ಮುಚ್ಚಿಟ್ಟಿದ್ದಿರಲ್ಲ ಎನ್ನುವ ಧಾಟಿಯಲ್ಲಿ. ಕೋಳಿಗೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ, ಕಣ್ಣು ಮಿಟುಕಿಸಿದ. ಮಾರನೆಯ ದಿನ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಪೇಪರು ಸುತ್ತಿ, ಪೇಪರಿಗೆ ಪ್ಲಾಸ್ಟಿಕ್ ಸುತ್ತಿ ತಂದುಕೊಟ್ಟ. ಏನು ಸುತ್ತಿದರೇನು, ಮಧ್ಯಾಹ್ನದ ಹೊತ್ತಿಗೆ ನಮ್ಮ ಸೆಕ್ಷನ್ನಿಗೆಲ್ಲ ವಿಷಯ ಗೊತ್ತಾಗಿತ್ತು. ಸಂಜೆ ಬೀಚ್ ಸ್ಟೇಷನ್ನಿನಲ್ಲಿ ಟ್ರೇನು ಹತ್ತಿದೆ. ಮದರಾಸಿನ ಸಂಜೆಯ ಟ್ರೇನಿನಲ್ಲಿ ನನ್ನ ಎರಡೂ ಪಕ್ಕ ಖಾಲಿ ಬಿದ್ದದ್ದು ನನ್ನ ಸರ್ವೀಸಿನಲ್ಲೇ ಮೊದಲು. ಒಬ್ಬಾತ ಮಾತ್ರ ಹತ್ತಿರ ಸರಿದು ಕೂತು, ಆಸೆಯಿಂದ ಮೂಗು ಅರಳಿಸಿ, "ಎಂಗ ವಾಂಗುನೀಂಗ ಸಾರ್?" ಎಂದು ಅಂಗಡಿಯ ವಿಳಾಸ ಕೇಳಿದ. ಹಣೆಯ ಮೇಲಿನ ಅಂಗಾರ ಅಕ್ಷತೆಯನ್ನು ಕರ್ಚೀಫಿನಿಂದ ಒರೆಸಿಕೊಂಡು ನಾನು ಕಿಟಕಿಯ ಆಚೆ ನೋಡಿದೆ.

ಗೇಟು ತೆಗೆಯುವ ಮುಂಚೆಯೇ ಅಮ್ಮನ ದನಿ ಬಂತು. "ಶೀನಾ, ಒಳಗೆ ಬರಬೇಡ. ಹಾಗೇ ಸುತ್ತಿಕೊಂಡು ಕೊಲ್ಲೆಗೆ ಬಾ." ನಾನು ಕಳ್ಳನ ಹಾಗೆ ಮನೆ ಸುತ್ತಿ ಹೋದೆ. ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಳು. "ಔಷಧಿ ಅಮ್ಮ" ಎಂದೆ. "ಗೊತ್ತು. ಹಾಕು" ಎಂದಳು. ಅಷ್ಟೇ. ಬಯ್ಯಲಿಲ್ಲ, ತೀರ್ಥ ಪ್ರೋಕ್ಷಿಸಲಿಲ್ಲ. ನಾನು ಉಸಿರು ಬಿಗಿಹಿಡಿದು, ಚಮಚದಲ್ಲಿ ಪುಡಿ ತೆಗೆದು ಪಿಂಕಿಯ ಮುಂದೆ ಇಟ್ಟೆ. ಪಿಂಕಿ ಬಗ್ಗಿ ನೋಡಿತು. ಒಂದು ಹೆಜ್ಜೆ ಹಿಂದೆ ಇಟ್ಟಿತು. ಆಮೇಲೆ ನನ್ನ ಕಡೆ ಬೆನ್ನು ತಿರುಗಿಸಿ, ತುಳಸಿಕಟ್ಟೆಯ ಹಿಂದೆ ಹೋಗಿ ನಿಂತಿತು. ನನ್ನ ಮಾನ ಮರ್ಯಾದೆ ಎಲ್ಲ ಟ್ರೇನಿನಲ್ಲಿ ಹೋಗಿತ್ತು, ಇಲ್ಲಿ ಕೋಳಿ ಮಡಿ ಮಾಡುತ್ತಿತ್ತು.

"ನೋಡಮ್ಮ ನಿನ್ನ ಕೆಲಸ!" ಎಂದು ನಾನು ರೇಗಿದೆ. "ಮರಿಯಾಗಿದ್ದಾಗಿಂದ ಕೋಲು ಹಿಡಕೊಂಡು ಹುಳ ಮುಟ್ಟಬೇಡ, ಮುಟ್ಟಬೇಡ ಅಂದ್ಯಲ್ಲ, ಈಗ ಅನುಭವಿಸು. ಕೋಳೀನ ವೈಷ್ಣವಳನ್ನಾಗಿ ಮಾಡಿಟ್ಟಿದ್ದೀಯ."

ಅಮ್ಮ ಮೂಗಿನ ಮೇಲಿನ ಸೆರಗು ತೆಗೆದಳು. "ನಾನು ಕೋಲು ತೋರಿಸ್ತಾ ಇದ್ದದ್ದು ನೀನು ಎದುರಿಗಿದ್ದಾಗ ಕಣೋ. ಚಿಕ್ಕವನಿದ್ದಾಗಿಂದ ಹುಳ ಕಂಡ್ರೆ ವಾಂತಿ ಮಾಡಿಕೊಳ್ಳೋನು ನೀನು. ನೀನು ಆಫೀಸಿಗೆ ಹೋದ್ಮೇಲೆ ಅವಳ ಪಾಡಿಗೆ ಅವಳು ಈ ಕೊಲ್ಲೆ ತುಂಬ ಕೆದಕಿ ತಿಂದುಕೊಂಡಿರೋಳು. ನಾನು ತುಳಸಿ ಕಡೆ ತಿರುಗಿಕೊಂಡು ಸ್ತೋತ್ರ ಹೇಳಿಕೋತಿದ್ದೆ. ನೋಡಿದ್ರೆ ತಾನೇ ದೋಷ? ಅಮ್ಮ ಜಾರಿ ಬೀಳ್ತಾಳೆ ಅಂತ ನೀನು ಇಡೀ ಕೊಲ್ಲೆಗೆ ಸಿಮೆಂಟ್ ಹಾಕಿಸಿದೆಯಲ್ಲ, ಆಮೇಲೆ ಏನಿದೆ ಅವಳಿಗೆ, ಮೊಸರನ್ನ ಬಿಟ್ರೆ? ಕಲ್ಲಿದೆಯಾ, ಮಣ್ಣಿದೆಯಾ? ಅವಳನ್ನ ವೈಷ್ಣವಳನ್ನಾಗಿ ಮಾಡಿದ್ದು ನಾನಲ್ಲ, ನೀನು."

ಅಡುಗೆಮನೆಯ ಕಿಟಕಿಯಲ್ಲಿ ಸುಧಾ ಜೋರಾಗಿ ನಕ್ಕಳು. ಅವಳಿಗೂ ಗೊತ್ತಿತ್ತಂತೆ. ಮೇಧಾಳಿಗೂ ಗೊತ್ತಿತ್ತಂತೆ. ಕೋಳಿ ಮಾಂಸಾಹಾರಿ ಎಂಬ ರಹಸ್ಯವನ್ನು ಮೂರು ಹೆಂಗಸರೂ ಸೇರಿ ನನ್ನೊಬ್ಬನಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದರು, ನನ್ನ ಹೊಟ್ಟೆ ತೊಳಸಬಾರದೆಂದು. ಈರುಳ್ಳಿಯ ವಿಷಯದಲ್ಲಿ ನಾವು ಅಮ್ಮನಿಗೆ ಹೆದರುತ್ತಿದ್ದೆವು, ಹುಳದ ವಿಷಯದಲ್ಲಿ ಅವರು ನನಗೆ ಹೆದರುತ್ತಿದ್ದರು. ಒಂದೇ ಮನೆಯಲ್ಲಿ ಇಷ್ಟೊಂದು ಭಯಭಕ್ತಿ ಇದ್ದದ್ದು ನನಗೆ ಅಂದೇ ತಿಳಿದದ್ದು.

ಮಾರನೆಯ ಬೆಳಗ್ಗೆಯೇ ಮೇಸ್ತ್ರಿಯನ್ನು ಕರೆಸಿ ಕರಿಬೇವಿನ ಸುತ್ತಲಿನ ಸಿಮೆಂಟು ಒಡೆಸಿದೆ. ಹಾಕಿಸುವಾಗ ಇವನೇ ಹಾಕಿದ್ದ, ಆದ್ದರಿಂದ ನನ್ನನ್ನು ಅನುಮಾನದಿಂದ ನೋಡಿದ. ಒಳಗಿನ ಮಣ್ಣು ಕಲ್ಲಿನ ಹಾಗಿತ್ತು, ಪಿಂಕಿ ಅದರ ಮೇಲೆ ನಿಂತು ಮಂಕಾಗಿ ನೋಡಿತು. ಕೆದಕುವ ಶಕ್ತಿ ಆ ಕಾಲುಗಳಲ್ಲಿ ಉಳಿದಿರಲಿಲ್ಲ. "ಯಾರಾದರೂ ಹಿಡಿದು ಕೊಡಬೇಕು" ಎಂದಳು ಅಮ್ಮ ಆಕಾಶ ನೋಡುತ್ತಾ. ಸುಧಾ ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದಳು. ಮೇಧಾಳಿಗೆ ಇದ್ದಕ್ಕಿದ್ದಂತೆ ಕೆಮಿಸ್ಟ್ರಿಯ ಪಾಠ ನೆನಪಾಯಿತು. ಇನಿಷಿಯಲ್ ಕೊಟ್ಟವನು ಉಳಿದೆ.

ಹಳೇ ಚಮಚ ಹಿಡಿದು ದಾಸವಾಳದ ಕುಂಡ ಅಗೆದೆ. ಮಿಸುಕುವ ಎರೆಹುಳು ಚಮಚದ ಮೇಲೆ ಬಂದಾಗ ಕಣ್ಣು ಮುಚ್ಚಿಕೊಂಡು, ತೋಳು ಆದಷ್ಟು ದೂರ ಚಾಚಿ, ಪಿಂಕಿಯ ಮುಂದೆ ಕೊಡವಿದೆ. ಅಮ್ಮ ತುಳಸಿಯ ಕಡೆ ತಿರುಗಿಕೊಂಡು ಕೈಮುಗಿದು ನಿಂತಿದ್ದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪಿಂಕಿಯ ಕತ್ತು ಓರೆಯಾಯಿತು. ಕಣ್ಣು ಪೂರ್ತಿ ತೆರೆಯಿತು. ಕೊಕ್ಕು ಒಮ್ಮೆ ಕೆಳಗಿಳಿಯಿತು, ಅಷ್ಟೇ.

"ತಿಂದಳೇನೋ?" ಎಂದಳು ಅಮ್ಮ, ತಿರುಗದೆ.

"ತಿಂದಳಮ್ಮ."

"ಇನ್ನೊಂದು ಕೊಡು."

ಇನ್ನೊಂದು ಕೊಟ್ಟೆ. ಅದೂ ಹೋಯಿತು. ಅಮ್ಮ ತುಳಸಿಗೆ ಇನ್ನೊಮ್ಮೆ ಕೈಮುಗಿದು, ಕಣ್ಣೊರೆಸಿಕೊಂಡು, "ಸುಧಾ, ನನಗೂ ತಟ್ಟೆ ಹಾಕಮ್ಮ, ಹೊಟ್ಟೆ ಹಸೀತಿದೆ" ಎಂದಳು. ನಾನು ಚಮಚ ಕೆಳಗಿಟ್ಟು ಅಲ್ಲೇ ಬಾವಿಕಟ್ಟೆಗೆ ಒರಗಿ ಕೂತೆ. ಸಂತೋಷಕ್ಕೋ ಹೊಟ್ಟೆ ತೊಳಸಿಯೋ ಗೊತ್ತಿಲ್ಲ, ನನ್ನ ಕಣ್ಣಲ್ಲೂ ನೀರು ಬಂದಿತ್ತು.

ಪಿಂಕಿ ಚೇತರಿಸಿಕೊಂಡಳು. ಜುಟ್ಟಿಗೆ ಬಣ್ಣ ಬಂತು, ಗೋಧಿ ಕಾಳಿಗೂ ಬಾಯಿ ಹಾಕಿದಳು, ಸಡಿಲವಾದ ಮಣ್ಣಿನಲ್ಲಿ ಧೂಳಿನ ಸ್ನಾನ ಮಾಡಿ ಅಮ್ಮನ ಒಣಗಿದ ಸೀರೆಗೆಲ್ಲ ಕೊಡವಿದಳು. ಮೊಟ್ಟೆ ಮಾತ್ರ ಮತ್ತೆ ಇಡಲಿಲ್ಲ, ರಿಟೈರಾದವರನ್ನು ಯಾರು ಕೇಳುತ್ತಾರೆ. ಡಾಕ್ಟರು ನೋಡಿ, ಈ ವಯಸ್ಸಿಗೆ ಇದಕ್ಕಿಂತ ಇನ್ನೇನು ಬೇಕು, ಹುಳು ಮಾತ್ರ ನಿಲ್ಲಿಸಬೇಡಿ ಎಂದರು. ಆದ್ದರಿಂದ ದಿನವೂ ಬೆಳಗ್ಗೆ ಸ್ನಾನಕ್ಕೆ ಮುಂಚೆ ಚಮಚ ಹಿಡಿದು ಕುಂಡಗಳ ಪ್ರದಕ್ಷಿಣೆ ನನ್ನ ಪಾಲಿಗೆ ಬಂತು. ಅಮ್ಮ ತುಳಸಿಯ ಕಡೆ ತಿರುಗಿ ನಿಲ್ಲುತ್ತಾಳೆ, ನಾನು ವರದಿ ಒಪ್ಪಿಸುತ್ತೇನೆ, ಆಮೇಲೆ ಅಮ್ಮ ಮಾತ್ರೆ ನುಂಗಿ ತಿಂಡಿಗೆ ಕೂರುತ್ತಾಳೆ. ಈ ಕ್ರಮ ಒಂದು ದಿನವೂ ತಪ್ಪುವಂತಿಲ್ಲ.

ಒಂದು ಬೆಳಗ್ಗೆ ನಾನು ಏಳುವುದೇ ತಡವಾಯಿತು. ಆಫೀಸಿನಲ್ಲಿ ಇನ್‌ಸ್ಪೆಕ್ಷನ್ನು. ಮೊದಲೇ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಪ್ಯಾಂಟು ಷರಟು ಹಾಕಿಕೊಂಡು, ಅಂಗಾರ ಅಕ್ಷತೆ ಇಟ್ಟುಕೊಂಡು ಹಿತ್ತಲಿಗೆ ಬಂದೆ. ಅಮ್ಮ ಎಂದಿನಂತೆ ತುಳಸಿಯ ಕಡೆ ಮುಖ ಮಾಡಿ ನಿಂತಿದ್ದಳು. ಪಿಂಕಿ ನನ್ನ ಬೂಟಿನ ಹತ್ತಿರ ಬಂದು ಕತ್ತೆತ್ತಿ ನೋಡಿತು. ನಾನು ಬರಿಗೈಯಲ್ಲಿ ಒಮ್ಮೆ ಬಗ್ಗಿ ಎದ್ದೆ. "ತಿಂದಳಮ್ಮ. ಎರಡು ತಿಂದಳು. ನೀನು ತಿಂಡಿಗೆ ಕೂತ್ಕೋ" ಎಂದೆ.

"ಸುಳ್ಳು ಹೇಳಬೇಡ್ವೋ, ನಾನು ನೋಡ್ತಾನೇ ಇದ್ದೀನಿ" ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. "ದಪ್ಪಗಿರೋದು ಒಂದು ಕರಿಬೇವಿನ ಬುಡದಲ್ಲಿದೆ. ಈಗ ತಾನೇ ಒಳಗೆ ಹೋಯ್ತು. ಸೀಕ್ರಂ, ಬೇಗ ಅಗಿ."

ಇಸ್ತ್ರಿ ಪ್ಯಾಂಟನ್ನು ಮಂಡಿಯವರೆಗೆ ಮಡಿಸಿಕೊಂಡು ನಾನು ಕರಿಬೇವಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಅಮ್ಮ ತುಳಸಿಗೆ ಕೈಮುಗಿದುಕೊಂಡೇ, ಸ್ತೋತ್ರದ ನಡುನಡುವೆ, "ಸ್ವಲ್ಪ ಎಡಕ್ಕೆ... ಇನ್ನೂ ಸ್ವಲ್ಪ ಎಡಕ್ಕೆ" ಎಂದು ನನಗೆ ದಾರಿ ತೋರಿಸುತ್ತಿದ್ದಳು.